ನಾಲ್ಕು ದಿನ ಇದ್ದು ಹೋಗಲು ಬಂದವಳು

ಹಲ್ಲಿನ ಡಾಕ್ಟರ ಮಾತು ಬಲು ಸಿಹಿ. ಸೂಜಿ ಚುಚ್ಚುವ ಮುಂಚೆ ಎಲ್ಲರಿಗೂ ಒಂದೇ ಭರವಸೆ: "ಇರುವೆ ಕಚ್ಚಿದ ಹಾಗೆ, ಅಷ್ಟೇ." ಅಂಥವರು ಆವತ್ತು ಬೆಳಿಗ್ಗೆ ಟೀ ಲೋಟ ಹಿಡಿದು ಹೆಂಡತಿಯ ಸಮೇತ ಅಡುಗೆಮನೆಗೇ ಬಂದು ನಿಂತಾಗ ಚಿಕ್ಕಮ್ಮನ ಎದೆ ಧಸಕ್ಕೆಂದಿತು. ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯ ಇತ್ತ ತಲೆ ಹಾಕಿದ್ದೇ ಅಪರೂಪ.

ಚಿಕ್ಕಮ್ಮ ಅಂದರೆ ಯಾರ ಚಿಕ್ಕಮ್ಮನೂ ಅಲ್ಲ. ಡಾಕ್ಟರ ಮಗಳು ಹುಟ್ಟಿದ ವಾರ ಕೂಸು ನೋಡಿಕೊಳ್ಳಲು ಬಂದವಳು, ಹಾಗೇ ಉಳಿದುಬಿಟ್ಟಳು. ಕೂಸಿಗೆ ಮಾತು ಬಂದಾಗ ಅದು ಚಿಕ್ಕಮ್ಮ ಅಂದಿತು, ಮನೆಮಂದಿಯೆಲ್ಲ ಹಾಗೇ ಕರೆದರು. ಸಂಬಳದ ಮಾತು ಎಂದೋ ನಿಂತಿತು. ಮನೆಯವರಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಇದ್ದದ್ದು ಉಗ್ರಾಣದ ಪಕ್ಕದ ಪುಟ್ಟ ಕೋಣೆ, ಅದೊಂದೇ.

"ಹೊಸ ಕಾನೂನು ಬಂದಿದೆ ಚಿಕ್ಕಮ್ಮ," ಎಂದರು ಡಾಕ್ಟರು. "ಮನೇಲಿ ಯಾರ್ಯಾರು ಇದಾರೆ ಅಂತ ಬರ್ಕೊಡಬೇಕಂತೆ. ಕೆಲಸದವಳು ಅಂತ ಬರೆದ್ರೆ ಇಷ್ಟು ವರ್ಷದ್ದೆಲ್ಲ ಕೆದಕ್ತಾರೆ, ನಾನು ಕೋರ್ಟು ಕಚೇರಿ ಅಲೀಬೇಕು. ಮನೆಯವಳು ಅಂತ ಬರೆದ್ರೆ ನಾಳೆ ಈ ಮನೆ ಮಾರೋಕೂ ನಿನ್ನ ಸಹಿ ಬೇಕಂತೆ. ಯಾಕೆ ತಲೆನೋವು? ನಾಲ್ಕು ದಿನ ಇದ್ದು ಹೋಗೋಕೆ ಬಂದಿದೀನಿ ಅಂದುಬಿಡು. ಕಾಗದಕ್ಕೆ ಮಾತ್ರ. ಇರುವೆ ಕಚ್ಚಿದ ಹಾಗೆ."

"ನಿನ್ನನ್ನ ಕೆಲಸದವಳು ಅಂತ ಬರೆಯೋಕೆ ನಮಗೆ ಕೈ ಬರುತ್ತಾ, ನೀನೇ ಹೇಳು," ಎಂದು ಡಾಕ್ಟರ ಹೆಂಡತಿ ಕಣ್ಣೊರೆಸಿಕೊಂಡರು. ಎಂಥ ಮಾತು! ಚಿಕ್ಕಮ್ಮ ಕರಗಿ ನೀರಾದಳು.

ಮಧ್ಯಾಹ್ನ ತಪಾಸಣೆಗೆ ಬಂದ ಹೆಂಗಸು ಮಾತ್ರ ಸಾಮಾನ್ಯದವಳಲ್ಲ. ಕೋಣೆಗೆ ಹೋಗಿ ನಡುವೆ ತಗ್ಗು ಬಿದ್ದ ಹಾಸಿಗೆ ನೋಡಿದಳು, ಕನ್ನಡಕ ತೂಗುಹಾಕಿದ ಮೊಳೆಯನ್ನೂ ಅದರ ಸುತ್ತ ಗೋಡೆಗೆ ಹತ್ತಿದ ಎಣ್ಣೆಜಿಡ್ಡನ್ನೂ ನೋಡಿದಳು. ಆಮೇಲೆ ಕೇಳಿದಳು: "ನಾಲ್ಕು ದಿನಕ್ಕೆ ಬಂದೋರು. ನಿಮ್ಮ ಬ್ಯಾಗ್ ಎಲ್ಲಿ?"

ಬ್ಯಾಗ್! ಚಿಕ್ಕಮ್ಮ ಬರುವಾಗ ತಂದದ್ದು ಒಂದು ಬಟ್ಟೆಗಂಟು. ಆ ಬಟ್ಟೆಯೂ ಇದೇ ಮನೆಯ ಒಲೆ ಒರೆಸಿ ಒರೆಸಿ ಚಿಂದಿಯಾಗಿ ಎಷ್ಟು ಕಾಲವಾಯಿತೋ.

"ಅಟ್ಟದ ಮೇಲಿದೆ," ಎಂದು ಡಾಕ್ಟರ ಹೆಂಡತಿ ಹೊರಗಿನಿಂದಲೇ ಕೂಗಿ ಹೇಳಿದರು.

ಬಂದವಳು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದಳು. "ನೋಡಿಯಮ್ಮ, ಇಲ್ಲಿ ಕೆಲಸ ಮಾಡ್ತೀನಿ ಅಂತ ಒಂದು ಮಾತು ಹೇಳಿ. ಸಾಯೋವರೆಗೂ ನಿಮ್ಮನ್ನ ಈ ಕೋಣೆಯಿಂದ ಯಾರೂ ಅಲ್ಲಾಡಿಸೋಕಾಗಲ್ಲ. ಅತಿಥಿ ಅಂದ್ರೆ ಹದಿನೈದೇ ದಿನ. ಹದಿನಾರನೇ ದಿನ ನಾನೇ ಬಂದು ನೋಡ್ಬೇಕಾಗುತ್ತೆ."

ಮಾತು ನಾಲಿಗೆ ತುದಿಗೆ ಬಂದಿತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಹಾಗೆಂದುಬಿಟ್ಟರೆ, ಜ್ವರ ಬಂದಾಗ ಮಗು, ಹೆತ್ತವಳನ್ನು ಬಿಟ್ಟು, ತನ್ನ ಕುತ್ತಿಗೆಗೆ ಜೋತುಬಿದ್ದ ಆ ದಿನಗಳೂ ಕೆಲಸದ ಲೆಕ್ಕಕ್ಕೆ ಹೋಗುತ್ತವಲ್ಲ! ಅದನ್ನು ಅವಳಿಂದ ಸಹಿಸಲಾಗಲಿಲ್ಲ. "ನಾಲ್ಕು ದಿನ ಇದ್ದು ಹೋಗೋಕೆ ಬಂದಿದೀನಿ," ಎಂದು ಸಹಿ ಹಾಕಿದಳು.

ಮಾರನೆಯ ದಿನವೇ ಡಾಕ್ಟರು ನೀಲಿ ಬ್ಯಾಗೊಂದನ್ನು ತಂದರು. "ಕೋಣೇಲಿ ಇರ್ಲಿ, ಕೇಳಿದ್ರೆ ತೋರಿಸೋಕೆ." ಹದಿನೈದನೇ ದಿನ ಬೆಳಿಗ್ಗೆ ನೋಡಿದರೆ ಅದು ಅವಳ ಸೀರೆಗಳನ್ನೆಲ್ಲ ತುಂಬಿಕೊಂಡು ನಡುಮನೆಯಲ್ಲಿ ಕೂತಿತ್ತು.

"ಸ್ವಲ್ಪ ದಿನ ಅಷ್ಟೇ. ಇದೆಲ್ಲ ತಣ್ಣಗಾಗ್ಲಿ," ಎಂದರು ಡಾಕ್ಟರು.

"ಎಲ್ಲಿಗೆ ಹೋಗ್ಲಿ?"

ಅವರು ಜೇಬಿನಿಂದ ಒಂದು ಚೀಟಿ ತೆಗೆದುಕೊಟ್ಟರು. ದಿಕ್ಕಿಲ್ಲದ ಹೆಂಗಸರನ್ನು ಇಟ್ಟುಕೊಳ್ಳುವ ಯಾವುದೋ ಆಶ್ರಮದ ವಿಳಾಸ. ಚೀಟಿಯ ಮಡಿಕೆಗಳು ಸವೆದು ಹರಿಯುವಂತಾಗಿದ್ದವು. ಅದು ನಿನ್ನೆ ಮೊನ್ನೆ ಬರೆದದ್ದಲ್ಲ ಎಂದು ಚಿಕ್ಕಮ್ಮನಿಗೆ ಗೊತ್ತಾಯಿತು.

"ಮಗೂಗೆ ಗೊತ್ತಾ?" ಎಂದಳು. ಮಗು ಈಗ ಮದುವೆಯಾಗಿ ದೂರದ ಊರಿನಲ್ಲಿತ್ತು.

"ಅವಳಿಗ್ಯಾಕೆ ಸುಮ್ನೆ ಬೇಜಾರು," ಎಂದರು ಡಾಕ್ಟರ ಹೆಂಡತಿ.

ಈ ಮನೆಯಿಂದ ಯಾರೇ ಊರಿಗೆ ಹೊರಡಲಿ, ಚಿಕ್ಕಮ್ಮ ಗೇಟಿನವರೆಗೂ ಬಂದು, "ಯಾವಾಗ ಬರ್ತೀರಿ?" ಎಂದು ಕೇಳಬೇಕು. ಉತ್ತರ ಸಿಗದೆ ಗೇಟು ಬಿಟ್ಟವಳಲ್ಲ. ಈಗ ಅವಳು ಬ್ಯಾಗು ಹಿಡಿದು ಅದೇ ಗೇಟಿನಾಚೆ ನಿಂತಳು. ಹೊರಡಲಿಲ್ಲ, ಕಾದಳು. ಹೆಂಡತಿ "ಹುಷಾರು" ಎಂದರು. ಡಾಕ್ಟರು ಗಡಿಯಾರ ನೋಡಿಕೊಂಡರು.

ಇನ್ನೂ ಸ್ವಲ್ಪ ಹೊತ್ತು ನಿಂತಳು. ಯಾರೂ ಕೇಳಲಿಲ್ಲ. ಚಿಲಕವನ್ನು ಹೊರಗಿನಿಂದ ತಾನೇ ಹಾಕಿ ನಡೆದಳು.