ನೆಗೆಟಿವ್ ಎಲ್ಲಿ?

ಎದುರು ಮನೆಯಾಕೆ ಕಾಫಿ ಲೋಟವನ್ನು ತುಟಿಯವರೆಗೆ ತಂದವಳು ಹಾಗೆಯೇ ತಡೆದುಬಿಟ್ಟಳು. ಕಣ್ಣು ಟಿ.ವಿ. ಮೇಲೆ ನೆಟ್ಟಿತ್ತು. ಅಂಥದ್ದೇನಪ್ಪಾ ಬಂತು ಎಂದು ಮಂಚದ ಮೇಲಿದ್ದ ಟಚಿಂಗಮ್ಮ ಕತ್ತು ಹೊರಳಿಸಿ ನೋಡಿದರೆ, ಪರದೆಯ ತುಂಬ ಒಂದು ಬೆತ್ತಲೆ ಸೊಂಟ, ಅದರ ಮೇಲೆ ಕೆಂಪಗೆ ಬಾಯಿ ಬಿಟ್ಟ ಹುಣ್ಣು. ಪಕ್ಕದಲ್ಲೇ ನೀಲಿ ಹೂವಿನ ಹೊದಿಕೆ. ಅದೇ ಹೊದಿಕೆ ಈಗಲೂ ಅವಳ ಕಾಲ ಮೇಲಿತ್ತು. ಇನ್ನು ಯಾರ ಸೊಂಟವೆಂದು ಬಿಡಿಸಿ ಹೇಳಬೇಕೆ?

ಮಗ ಅಡುಗೆಮನೆಯಿಂದ ಓಡಿಬಂದು ರಿಮೋಟಿಗಾಗಿ ತಡಕಾಡಿದ. ಬೇಕಾದಾಗ ಅದು ಸಿಕ್ಕಿದ್ದುಂಟೇ! ಟಿ.ವಿ. ಸುಮ್ಮನಿದ್ದಾಗ ಮೊಬೈಲಿನ ಫೋಟೋಗಳು ಒಂದೊಂದಾಗಿ ಬರುತ್ತಿರಲಿ, ಅಮ್ಮನಿಗೆ ಹೊತ್ತು ಹೋಗುತ್ತದೆ ಎಂದು ಹಿಂದಿನ ದಿನವಷ್ಟೇ ಅವನೇ ಜೋಡಿಸಿದ್ದ. ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿದ. ಎದುರು ಮನೆಯಾಕೆ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಇಲ್ಲದ ಹಾಲಿನ ನೆಪ ಹೇಳಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು.

"ಡಾಕ್ಟ್ರಿಗೆ ಕಳ್ಸೋಕೆ ತೆಗೆದಿದ್ದಮ್ಮಾ. ಹುಣ್ಣು ಎಷ್ಟು ವಾಸಿಯಾಗಿದೆ ನೋಡ್ಬೇಕು ಅಂದಿದ್ರು." ಅವನ ಹೆಬ್ಬೆರಳು ಮೊಬೈಲಿನ ಮೇಲೆ ಗಡಿಬಿಡಿಯಿಂದ ಓಡುತ್ತಿತ್ತು. "ಇದೋ, ಡಿಲೀಟ್ ಮಾಡ್ದೆ. ಹೋಯ್ತು."

"ನೆಗೆಟಿವ್ ಎಲ್ಲಿ?"

"ಈಗೆಲ್ಲಿ ನೆಗೆಟಿವ್ ಅಮ್ಮಾ? ನೀನು ಯಾವ ಕಾಲದಲ್ಲಿದೀಯ!" ಎಂದು ನಕ್ಕ. ನಗಬಾರದಿತ್ತು.

ಟಚಿಂಗಮ್ಮನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಮೂವತ್ತೊಂದು ವರ್ಷ ಸ್ಟುಡಿಯೋದ ಪರದೆಯ ಹಿಂದೆ ಕೂತು, ಭೂತಗನ್ನಡಿ ಹಿಡಿದು, ಕೂದಲೆಳೆಯಂಥ ಕುಂಚದಿಂದ ನೆಗೆಟಿವ್‌ಗಳನ್ನು ತಿದ್ದುವ ಟಚಿಂಗ್ ಕೆಲಸ ಮಾಡಿದವಳು. ಫೋಟೋ ಬೇಡವೆಂದು ಯಾವಳಾದರೂ ಬಂದರೆ ಮಾಲೀಕ ಅವಳೆದುರೇ ಪ್ರಿಂಟನ್ನು ಪರಪರನೆ ಹರಿದು ಹಾಕುತ್ತಿದ್ದ. ಪಾಪ, ಅವಳು ನಂಬಿಕೊಂಡು ಹೋಗುವಳು. ನೆಗೆಟಿವ್ ಮಾತ್ರ ಡಬ್ಬಿಯಲ್ಲಿ ಭದ್ರ. ಟಚಿಂಗಮ್ಮ ಅದನ್ನು ಹುಡುಕಿ ತೆಗೆದು, ಸೂಜಿಯಿಂದ ಮುಖದ ಮೇಲೆ ಅಡ್ಡಡ್ಡ ಗೀರಿ, ಆಮೇಲೇ ಕಸಕ್ಕೆ ಹಾಕುತ್ತಿದ್ದಳು. ನನ್ನ ಮಾಲು ಹಾಳುಮಾಡ್ತೀಯಾ ಎಂದು ಮಾಲೀಕ ಒಮ್ಮೆ ಕೂಗಾಡಿದಾಗ, ಅವಳ ಮುಖ ನಿಮ್ಮ ಮಾಲಲ್ಲ ಸ್ವಾಮಿ ಎಂದು ಅವನ ಬಾಯಿ ಮುಚ್ಚಿಸಿದ್ದಳು. ಅಂಥವಳಿಗೆ ಇವನು ಹೋಯ್ತು ಎಂದು ಹೇಳಿ ಕಿವಿಗೆ ಹೂ ಇಡಲು ಬಂದಿದ್ದ.

"ಹರಿದಿದ್ದು ಹೋಗಿ ಬೀಳೋ ಜಾಗ ಒಂದು ಇರ್ಲೇಬೇಕು. ತೋರ್ಸು."

"ಅದೊಂದು ಬುಟ್ಟಿ ಇರತ್ತಮ್ಮಾ, ಅಲ್ಲಿರತ್ತೆ. ಮೂವತ್ತು ದಿನ ಆದ್ಮೇಲೆ ತಾನಾಗೇ ಹೋಗತ್ತೆ."

"ಮೂವತ್ತು ದಿನ ನನ್ನ ಬೆತ್ತಲೆ ಸೊಂಟ ನಿನ್ನ ಜೇಬಲ್ಲಿ ಊರು ಸುತ್ಬೇಕೇನೋ? ಕೊಡಿಲ್ಲಿ!"

ಅವನು ಕೊಡಲು ಹಿಂದೆಮುಂದೆ ನೋಡಿದ. ಅಲ್ಲಿಗೆ ಅವಳಿಗೆ ಅನುಮಾನ ಬಂತು. ಕೈಯಿಂದ ಕಿತ್ತುಕೊಂಡು, ದಿಂಬಿನ ಪಕ್ಕ ಇವತ್ತಿಗೂ ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಪರದೆಯ ಮೇಲೆ ಹಿಡಿದಳು. ಬುಟ್ಟಿಯಲ್ಲಿ ಒಂದಲ್ಲ, ಹದಿನಾಲ್ಕು ಫೋಟೋ ಇದ್ದವು. ಮಿಕ್ಕವೂ ಎಲ್ಲಿ ಕಣ್ಣಿಗೆ ಬೀಳುತ್ತವೋ ಎಂಬ ದಿಗಿಲಿನಲ್ಲಿ ಎಲ್ಲವನ್ನೂ ಒಟ್ಟಿಗೇ ಅಳಿಸಿದ್ದ. ಬಾಯಿ ತೆರೆದು ನಿದ್ದೆಹೋದ ಅವಳು. ಗದ್ದದ ಮೇಲೆ ಹಾಲು ಸೋರಿಸಿಕೊಂಡ ಅವಳು. ಒದ್ದೆಯಾದ ಹಾಸಿಗೆ. ಇನ್ನೊಂದರಲ್ಲಿ ಸೀರೆ ಮೊಣಕಾಲ ಮೇಲಿತ್ತು, ಕೆಳಗೆ ಬೆಡ್‌ಪ್ಯಾನ್ ಇತ್ತು. ಅವಳ ಮೈಯೆಲ್ಲ ಉರಿದುಹೋಯಿತು.

"ಇದೂ ಡಾಕ್ಟ್ರಿಗಾ?"

ಅವನು ಹೊದಿಕೆಯ ಅಂಚನ್ನು ಸರಿಮಾಡತೊಡಗಿದ.

"ಬಾಯಲ್ಲಿ ಕಡುಬು ತುರುಕಿಕೊಂಡಿದೀಯೇನೋ? ಬೊಗಳು!"

"ಅಣ್ಣಂಗೆ, ಅಕ್ಕಂಗೆ ಕಳಿಸಿದ್ದು." ಶುರುವಾದ ಮೇಲೆ ಅವನ ದನಿಯೂ ಏರಿತು. "ನೀನು ಬಿದ್ದು ಏಳು ವಾರ ಆಯ್ತು. ಅಮ್ಮ ಹೇಗಿದಾಳೆ ಅಂತಾರೆ, ಚೆನ್ನಾಗಿದಾಳೆ ಅಂದ್ರೆ ಸಾಕು, ಫೋನ್ ಇಡ್ತಾರೆ. ನಾನು ಕೆಲ್ಸಕ್ಕೆ ರಜ ಹಾಕಿ ಕೂತಿದೀನಿ. ಎರಡು ಗಂಟೆಗೊಂದ್ಸಲ ನಿನ್ನ ಎತ್ತಿ ಮಗ್ಗುಲಿಗೆ ಹಾಕ್ತೀನಿ. ಲಿಫ್ಟ್ ರಿಪೇರಿ ಮಾಡೋನೇ ಲಿಫ್ಟ್ ಆಗಿದೀನಿ! ಯಾರಿಗಾದ್ರೂ ಗೊತ್ತಾಗ್ಬೇಡ್ವಾ? ನಂಗೂ ಒಂದು ಬೆನ್ನಿದೆ!"

"ಹಾಗಾದ್ರೆ ನಿನ್ನ ಬೆನ್ನಿನ ಫೋಟೋ ತೆಗೆದು ಕಳ್ಸ್ಬೇಕಾಗಿತ್ತು ಕಣೋ! ನನ್ನದ್ಯಾಕೆ ಕಳಿಸ್ದೆ?"

ಅವನು ತಲೆ ತಗ್ಗಿಸಿದ. ಎಲ್ಲವನ್ನೂ ಒಟ್ಟಿಗೆ ಅಳಿಸುವ ಗುಂಡಿ ಇದೆಯೆಂದು ತೋರಿಸಲು ಬಂದಾಗ ಅವಳು ಕೈಯನ್ನು ಫಟ್ಟೆಂದು ಹೊಡೆದು ಸರಿಸಿದಳು. ಒಂದೊಂದನ್ನೂ ತೆರೆದು, ನೋಡಿ, ಅಳಿಸಿದಳು. ಮರಳಿ ಪಡೆಯಲಾಗದು, ಶಾಶ್ವತವಾಗಿ ಅಳಿಸಬೇಕೆ ಎಂದು ಅದು ಹದಿನಾಲ್ಕು ಸಲ ಕೇಳಿತು. ಹದಿನಾಲ್ಕು ಸಲವೂ ಹೌದು ಎಂದು ಒತ್ತಿದಳು. ಸೂಜಿಯಾದರೆ ಗೀರುವಾಗ ಕರ್ರೆನ್ನುತ್ತಿತ್ತು, ಬೆರಳಿಗೆ ತಿಳಿಯುತ್ತಿತ್ತು. ಇಲ್ಲಿ ಏನೂ ಇಲ್ಲ. ಬುಟ್ಟಿ ಖಾಲಿ ಎಂದು ಬಂತು, ಅಷ್ಟೇ. ಅವಳ ಸಿಟ್ಟು ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

"ಇನ್ನೆರಡು ನೆಗೆಟಿವ್ ಅವರಿಬ್ಬರ ಹತ್ರ ಇದೆ. ನಿನ್ನ ಅಕ್ಕಂಗೆ ಫೋನ್ ಮಾಡು. ನಂಗೂ ಕೇಳೋ ಹಾಗೆ ಜೋರಾಗಿಡು."

ಮಗಳು ತಕ್ಷಣ ಎತ್ತಿದಳು. ಹಿಂದೆ ಯಾವುದೋ ಅಂಗಡಿಯ ಗದ್ದಲವಿತ್ತು.

"ನನ್ನ ಫೋಟೋ ಎಲ್ಲ ಈಗಿಂದೀಗ್ಲೇ ತೆಗಿ. ನಿನ್ನ ಅಣ್ಣಂಗೂ ಹೇಳು. ತೆಗೆಯೋ ತನಕ ಫೋನ್ ಇಡಲ್ಲ ನಾನು."

"ಯಾವ ಫೋಟೋನಮ್ಮಾ? ಓ, ಗ್ರೂಪಲ್ಲಿ ಇವನು ಹಾಕ್ತಾನಲ್ಲ, ಅದಾ? ತಾಳು ನೋಡ್ತೀನಿ. ಅಯ್ಯೋ, ಎಲ್ಲ ಮಸುಕಾಗೇ ಇವೆ, ಒಂದನ್ನೂ ಡೌನ್‌ಲೋಡೇ ಮಾಡಿಲ್ಲ ನಾನು. ಅಣ್ಣನೂ ನೋಡಿರಲ್ಲ ಬಿಡು. ಸುಮ್ನೆ ಟಿಣಿಟಿಣಿ ಅಂತಿರತ್ತೆ ಅಂತ ನಾವಿಬ್ರೂ ಆ ಗ್ರೂಪಿನ ಸದ್ದೇ ನಿಲ್ಸಿಬಿಟ್ಟಿದೀವಿ. ಯಾಕೆ, ಏನಾದ್ರೂ ವಿಶೇಷಾನಾ? ನೀನು ಚೆನ್ನಾಗಿದೀಯ ತಾನೇ?"

ಟಚಿಂಗಮ್ಮ ಮಗನ ಮುಖ ನೋಡಿದಳು. ಅವನು ಮೊಬೈಲನ್ನೇ ನೋಡುತ್ತಿದ್ದ. ಕೆಳತುಟಿಯನ್ನು ಹಲ್ಲಿನಡಿ ಕಚ್ಚಿ ಹಿಡಿದಿದ್ದ. ಚಿಕ್ಕಂದಿನಲ್ಲಿ ಪೆಟ್ಟು ತಿಂದಾಗ ಅಳಬಾರದೆಂದು ಹೀಗೇ ಮಾಡುತ್ತಿದ್ದ.

"ಚೆನ್ನಾಗಿಲ್ಲ," ಎಂದಳು ಟಚಿಂಗಮ್ಮ. "ಸೊಂಟದ ಮೇಲೆ ಅಂಗೈಯಗಲ ಹುಣ್ಣಾಗಿದೆ. ಹಾಸಿಗೇಲೇ ಎಲ್ಲಾ. ತೊಳೆಯೋನು ಇವನು, ಒರೆಸೋನು ಇವನು. ಕೇಳಿಸ್ತಾ? ಆ ಫೋಟೋಗಳನ್ನ ತೆರೆದು ನೋಡಿದ್ಯೋ, ಹುಷಾರ್! ಅಳಿಸು. ನಿನ್ನ ಅಣ್ಣನ ಕೈಲೂ ಅಳಿಸು. ಬುಟ್ಟಿಗೆ ಬಿದ್ರೆ ಅಲ್ಲಿಂದ್ಲೂ ತೆಗಿ. ಆಮೇಲೆ ಇಬ್ರೂ ಇಲ್ಲಿಗೆ ಬಂದು, ಹಾಸಿಗೆ ಪಕ್ಕ ನಿಂತ್ಕೊಂಡು ಕಣ್ಣಾರೆ ನೋಡಿ."

"ಅಮ್ಮಾ, ಈ ವಾರ ಸ್ವಲ್ಪ..."

"ಇಡು ಫೋನು!" ಎಂದು ಅವಳೇ ಕೆಂಪು ಗುಂಡಿಯನ್ನು ಕುಕ್ಕಿದಳು.

ಅವನು ಗಡಿಯಾರ ನೋಡಿದ. ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಅಭ್ಯಾಸವಾದವನ ಹಾಗೆ ಒಂದು ಕೈಯನ್ನು ಅವಳ ಭುಜದ ಕೆಳಗೂ ಇನ್ನೊಂದನ್ನು ತೊಡೆಯ ಕೆಳಗೂ ತೂರಿಸಿದ.

"ನಿಂಗೆ ನನ್ನ ಕ್ಷಮೆ ಗಿಮೆ ಏನೂ ಇಲ್ಲ, ತಿಳ್ಕೋ," ಎಂದಳು ಅವನ ಕತ್ತಿಗೆ ಕೈ ಹಾಕುತ್ತ.

"ಗೊತ್ತು. ಗಟ್ಟಿಯಾಗಿ ಹಿಡ್ಕೋ."

ಅವನು ಬಗ್ಗಿ ಎತ್ತಿದ. ಅವನ ಹೆಗಲಾಚೆ, ಆರಿದ ಟಿ.ವಿ.ಯ ಕಪ್ಪು ಗಾಜಿನಲ್ಲಿ ಅವನ ಬೆನ್ನು ಕಾಣಿಸಿತು. ಅಂಗಿ ಮೇಲೆ ಸರಿದಿತ್ತು. ಸೊಂಟದ ಮೇಲೆ ನೋವಿಗೆಂದು ಹಾಕುವ ಎರಡು ಔಷಧಿ ಪಟ್ಟಿಗಳು ಅಂಟಿಕೊಂಡಿದ್ದವು. ತಾನೊಬ್ಬನೇ ಕೈ ಹಿಂದೆ ಮಾಡಿ ಹಚ್ಚಿಕೊಂಡಿದ್ದನೇನೋ, ಎರಡೂ ಸೊಟ್ಟಗಿದ್ದವು, ಒಂದರ ತುದಿ ಕಿತ್ತು ಬಂದು ಸುರುಳಿಯಾಗಿತ್ತು. ಅವಳು ಕತ್ತಿನಿಂದ ಒಂದು ಕೈ ಬಿಡಿಸಿ, ಎಟುಕಿಸಿಕೊಂಡು, ಆ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು.