ಮೂರನೆಯ ಚರಣ

ದರ್ಜಿ ರೇಡಿಯೋ ಕೊಂಡದ್ದು ಅದರ ಹೊಲಿಗೆ ನೋಡಿ. ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ, ಎರಡು ಹೋಳು ಕೂಡುವ ಕಡೆ ಉಗುರು ಆಡಿಸಿ, ಎಲ್ಲಿಯೂ ಸಂದಿಲ್ಲವೆಂದು ಖಾತ್ರಿಯಾದ ಮೇಲೆ ತಲೆಯಾಡಿಸಿದ. ಜೀವಮಾನವಿಡೀ ಬಟ್ಟೆಯ ಒಳಮಗ್ಗುಲು ನೋಡಿದ ಕೈಗೆ ಬೇರೆ ಪರೀಕ್ಷೆ ಗೊತ್ತಿರಲಿಲ್ಲ. ಮುಂಭಾಗದಲ್ಲಿ ನೀಲಿ ದೀಪ ಬೇರೆ ಮಿನುಗುತ್ತಿತ್ತು.

ಹಳೆಯ ರೇಡಿಯೋ ಕೆಟ್ಟಿರಲಿಲ್ಲ. ರೇಡಿಯೋ ನಿಲಯದವರು ಪ್ರಸಾರವನ್ನೇ ಡಿಜಿಟಲ್ ಮಾಡಿಬಿಟ್ಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ದರ್ಜಿ ಅದನ್ನು ಮುಟ್ಟಿರಲಿಲ್ಲ. ಮನಸ್ಸು ಗಟ್ಟಿಮಾಡಿಕೊಂಡು ಹಾಕುವ ಹೊತ್ತಿಗೆ ಅದರ ಬಾಯಿ ಕಟ್ಟಿಹೋಗಿತ್ತು.

ಅವನಿಗೆ ಬೇಕಾಗಿದ್ದುದು ವಾರಕ್ಕೊಮ್ಮೆ ಬೆಳಗ್ಗೆ ಬರುವ ಒಂದು ಪ್ರಾರ್ಥನೆ. ಬಹಳ ವರ್ಷಗಳ ಹಿಂದೆ ಪ್ರಾರ್ಥನಾ ಮಂದಿರದ ಹಾಡುಗಾರರು ನಿಲಯಕ್ಕೆ ಹೋಗಿ ಹಾಡಿ ಬಂದದ್ದು. ಹಿಂದಿನ ಸಾಲಿನಲ್ಲಿ ಅವನ ಹೆಂಡತಿಯೂ ಇದ್ದಳು. ಮೂರನೆಯ ಚರಣಕ್ಕೆ ಮುಂಚೆ ಎಲ್ಲರೂ ಉಸಿರೆಳೆದುಕೊಳ್ಳುವಾಗ ಅವಳೊಬ್ಬಳು ಅವಸರಪಟ್ಟು ‘ದೇವಾ’ ಅಂದುಬಿಟ್ಟಿದ್ದಳು. ಯಾರೂ ತಿದ್ದಲಿಲ್ಲ, ಹಾಗೆಯೇ ಉಳಿಯಿತು. ಆಮೇಲೆ ಪ್ರತಿ ವಾರವೂ ಅಂಗಡಿಯಲ್ಲಿ ಆ ಜಾಗ ಬಂದ ಕೂಡಲೇ ಅವಳು ತನ್ನ ಹೊಲಿಗೆ ಯಂತ್ರವನ್ನು ದಡದಡನೆ ತುಳಿಯುವಳು, ಸೂಜಿಯ ಕೆಳಗೆ ಬಟ್ಟೆ ಇರಲಿ ಬಿಡಲಿ. ತನ್ನ ತಪ್ಪು ಗಂಡನಿಗೆ ಕೇಳಿಸಬಾರದು! ಅವನು ಕೆಣಕುವನು, ಅವಳು ಕತ್ತರಿ ತೋರಿಸುವಳು. ಹೀಗೆ ಅಷ್ಟು ವರ್ಷ ಎದುರುಬದುರು ಕೂತು ಕೇಳಿದರೂ ಆ ಒಂದು ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಈಗ ಅದನ್ನೊಮ್ಮೆ ಕೇಳಬೇಕೆಂಬ ಆಸೆ ಅವನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಹೊಸ ರೇಡಿಯೋದಲ್ಲಿ ಪ್ರಾರ್ಥನೆ ಬಂತು. ಮೊದಲ ಚರಣ ನೀರಿನೊಳಗಿಂದ ಹಾಡಿದ ಹಾಗಿತ್ತು. ಎರಡನೆಯದು ತುಂಡುತುಂಡಾಯಿತು. ಮೂರನೆಯದಕ್ಕೆ ಸರಿಯಾಗಿ ಸದ್ದೇ ಅಡಗಿ, ಮುಗಿಯುವ ಹೊತ್ತಿಗೆ ಮತ್ತೆ ಬಂತು. ನೀಲಿ ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಮಿನುಗುತ್ತಲೇ ಇತ್ತು.

ಗುಂಡಿ ಹಚ್ಚಿಕೊಡಲು ಬರುತ್ತಿದ್ದ ನಾದಿನಿ, ಅವನ ಹೆಂಡತಿಯ ತಂಗಿ, ಪೆಟ್ಟಿಗೆಯನ್ನು ಹೇಗೆ ಆರಿಸಿದಿರೆಂದು ಕೇಳಿದಳು. ಅವನು ಹೇಳಿದ.

“ಭಾವ, ನೀವು ರೇಡಿಯೋ ತಗೊಂಡ್ರೋ, ಕೋಟು ತಗೊಂಡ್ರೋ?”

ನಗು ಮುಗಿದ ಮೇಲೆ ಅವಳೇ ಒಂದು ದಾರಿ ತೋರಿಸಿದಳು. ನಿಲಯದವರನ್ನು ಕೇಳಿಕೊಂಡರೆ ಹಾಡನ್ನು ಫೋನಿಗೇ ಹಾಕಿಸಿಕೊಳ್ಳಬಹುದು, ಬೇಕೆಂದಾಗ ಕೇಳಬಹುದು.

ದರ್ಜಿ ಸ್ವಲ್ಪ ಹೊತ್ತು ದಾರ ಸುತ್ತುತ್ತಿದ್ದ. “ಬೇಡಮ್ಮ. ನಾನು ಕರೆದಾಗ ಅವಳು ಬರೋದು ಬೇರೆ, ಅವಳಾಗೇ ಬರೋದು ಬೇರೆ.”

ನಾದಿನಿ ಆ ರೇಡಿಯೋವನ್ನು ಚೀಲಕ್ಕೆ ಹಾಕಿಕೊಂಡು, ಅದನ್ನು ಕೊಂಡ ಅಂಗಡಿಗೆ ಅವನನ್ನು ಹೊರಡಿಸಿದಳು.

ಅಂಗಡಿಯವನು ಬದಲಿಗೆ ಬೇರೊಂದನ್ನು ಬಾಗಿಲ ಬಳಿ ಇಟ್ಟು, ಕಿವಿ ಗುಂಯ್ ಎನ್ನುವಷ್ಟು ಜೋರಾಗಿ ಹಾಕಿದ. ದರ್ಜಿಗೆ ಅದೇ ಒಪ್ಪಿಗೆಯಾಯಿತು. ನಾದಿನಿ ಕೈ ಚಾಚಿ ಸದ್ದು ಇಳಿಸಿದಳು. “ಜೋರಾಗಿ ಹಾಕಿದ್ರೆ ಎಲ್ಲಾ ಒಂದೇ ಥರ ಕೇಳತ್ತೆ ಅಂತಿದ್ಲು ಅಕ್ಕ. ಆ ಹಳೇದನ್ನ ಅವಳು ಹೇಗೆ ಆರಿಸಿದ್ಲು, ಮರೆತುಬಿಟ್ರಾ?” ಎಂದು, ರೇಡಿಯೋವನ್ನು ಎತ್ತಿಕೊಂಡು ಕಪಾಟುಗಳ ಹಿಂದಿನ ದಪ್ಪ ಗೋಡೆಯ ಮೂಲೆಗೆ ನಡೆದಳು. ಅಲ್ಲಿ ಅದು ಉಗ್ಗಿತು. ಇನ್ನೊಂದು ತಂದಳು, ಅದಕ್ಕೆ ಮಾತೇ ಹೊರಡಲಿಲ್ಲ.

“ಅಮ್ಮಾ, ಮೂಲೇಲಿ ಕೂತು ಯಾರು ರೇಡಿಯೋ ಕೇಳ್ತಾರೆ?” ಎಂದ ಅಂಗಡಿಯವನು.

“ನಮ್ಮ ಭಾವನ ಅಂಗಡೀನೇ ಒಂದು ಮೂಲೆ ಕಣಪ್ಪ.”

ಕೊನೆಗೆ ಕಪಾಟಿನ ಕೆಳಗಿನ ಖಾನೆಯಿಂದ ಒಂದು ಮೊದ್ದು ಕಪ್ಪು ಪೆಟ್ಟಿಗೆ ಹೊರಬಂತು. ದೀಪವಿಲ್ಲ, ಥಳಕಿಲ್ಲ, ಉದ್ದನೆಯ ಆಂಟೆನಾ ಕಡ್ಡಿಯೊಂದಿತ್ತು. ಮೂಲೆಯಲ್ಲಿ, ಪಿಸುಮಾತಿನಷ್ಟು ಸಣ್ಣ ಸದ್ದಿನಲ್ಲಿ, ಅದರೊಳಗಿನ ಹೆಂಗಸು ನಾಳೆಯ ಹವೆಯನ್ನು ಒಂದಕ್ಷರ ಬಿಡದೆ ಹೇಳಿದಳು.

“ಹೋಳು ಸರಿಯಾಗಿ ಕೂತಿಲ್ಲ,” ಎಂದು ದರ್ಜಿ ಗೊಣಗಿದ.

“ಇರಲಿ ಬಿಡಿ ಭಾವ, ಮೈಮೇಲೆ ಹಾಕ್ಕೋತೀರಾ ಏನು?”

ಮುಂದಿನ ವಾರ ಆ ಪೆಟ್ಟಿಗೆ ಎರಡು ಯಂತ್ರಗಳ ನಡುವಿನ ಹಲಗೆಯ ಮೇಲಿತ್ತು. ಹೆಂಡತಿಯ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ದರ್ಜಿ ಕೈಮುಗಿದು ಕೂತ. ಮೊದಲ ಚರಣ ಹೋಯಿತು, ಎರಡನೆಯದು ಹೋಯಿತು. ಹಾಡುಗಾರರು ಉಸಿರೆಳೆದುಕೊಂಡದ್ದೂ ಕೇಳಿಸಿತು. ಆ ನಿಶ್ಶಬ್ದದೊಳಗೆ, ಬಾಗಿಲು ಮುಚ್ಚುವ ಮುಂಚೆ ನುಸುಳಿ ಬಂದವಳಂತೆ, ಎಳೆಯದೊಂದು ದನಿ ‘ದೇವಾ’ ಎಂದಿತು. ಮರುಗಳಿಗೆಯೇ ಎಲ್ಲ ದನಿಗಳೂ ಅದರ ಮೇಲೆ ಮುಚ್ಚಿಕೊಂಡವು.

ನಾದಿನಿ ಗುಂಡಿಯಿಂದ ತಲೆಯೆತ್ತಲಿಲ್ಲ.

“ಇಷ್ಟೇನಾ?” ಎಂದ ದರ್ಜಿ, ಎದುರಿನ ಯಂತ್ರದ ಕಡೆ ನೋಡಿ. “ಇಷ್ಟಕ್ಕಾ ಅಷ್ಟೊಂದು ತುಳಿದೆ?”

ಹಾಡು ಮುಗಿಯಿತು. ಅಂಗಡಿ ತೀರ ಮೌನವಾಗಿತ್ತು. ತಿದ್ದದೆ ಬಿಟ್ಟವರನ್ನು ದೇವರು ಚೆನ್ನಾಗಿಟ್ಟಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಆಮೇಲೆ ಎದ್ದು ಅವಳ ಯಂತ್ರದ ಹೊದಿಕೆ ತೆಗೆದು, ಬರಿ ಸೂಜಿಯ ಮುಂದೆ ಕೂತು, ದಡದಡನೆ ತುಳಿಯತೊಡಗಿದ.