ಬೀಗ ಹಾಕಿದ ಕಕ್ಕಸು

"ನಂಗೋಬಿ, ಆ ಮೇಷ್ಟ್ರಿಗೆ ಹೇಳು, ನನ್ನ ಮಗಳು ನಾಯಿ ಅಲ್ಲ ಅಂತ!"

ನೈಗಾಗ ಹೆಡ್ಮೇಷ್ಟ್ರ ಕೋಣೆಯ ಹೊರಗೋಡೆಗೆ ಬೆನ್ನು ಕೊಟ್ಟು ನಿಂತು ಕೂಗುತ್ತಿದ್ದಳು. ಗೆಣಸಿನ ಹೊಲದಿಂದ ನೇರ ಬಂದವಳು. ಹೆಗಲ ಮೇಲೆ ಗುದ್ದಲಿ ಹಾಗೇ ಇತ್ತು, ಕಾಲಿಗೆ ಮೆತ್ತಿದ ಕೆಂಪು ಮಣ್ಣು ಒಣಗಿರಲಿಲ್ಲ. ಕಿಟಕಿ ಅವಳ ಮೊಳಕೈ ಪಕ್ಕದಲ್ಲೇ ಇತ್ತು. ಒಳಗೆ ಕೂತ ಹೆಡ್ಮೇಷ್ಟ್ರು ಬಾಲಿಕೋವ ಗಂಟಲು ಸರಿಮಾಡಿಕೊಂಡದ್ದೂ ಅವಳಿಗೆ ಕೇಳಿಸುತ್ತಿತ್ತು. ಆದರೂ ಮಾತು ನಂಗೋಬಿಯ ಮೂಲಕವೇ ಹೋಗಬೇಕು, ಯಾಕೆಂದರೆ ಬಾಲಿಕೋವ ಅವಳ ಹಿರಿಮಗಳ ಗಂಡ. ನಮ್ಮ ಬುಸೋಗ ಸೀಮೆಯಲ್ಲಿ ಅತ್ತೆ ಅಳಿಯನ ಮುಖ ನೋಡುವುದಿಲ್ಲ, ಅಳಿಯ ಅತ್ತೆಯ ಜೊತೆ ಮಾತಾಡುವುದಿಲ್ಲ. ದಾರಿಯಲ್ಲಿ ಎದುರಾದರೆ ಒಬ್ಬರು ಹುಲ್ಲಿಗೆ ಇಳಿದು ಆಚೆ ತಿರುಗಿ ನಿಲ್ಲುತ್ತಾರೆ. ಒಬ್ಬರು ಕೂತ ಚಾಪೆಯ ಮೇಲೆ ಇನ್ನೊಬ್ಬರು ಕೂರುವುದಿಲ್ಲ. ಒಬ್ಬರು ಹೋದ ಕಕ್ಕಸಿಗೆ ಇನ್ನೊಬ್ಬರು ಸಾಯುವ ತನಕ ಕಾಲಿಡುವುದಿಲ್ಲ, ಅದರ ಹತ್ತಿರವೂ ಸುಳಿಯುವುದಿಲ್ಲ. ಇದಕ್ಕೆ ನಾವು ಒಬುಕೊ ಎನ್ನುತ್ತೇವೆ. ಇದರಿಂದ ಎಷ್ಟೋ ಜಗಳ ತಪ್ಪಿದ್ದುಂಟು. ಆವತ್ತಿನದು ಮಾತ್ರ ತಪ್ಪಲಿಲ್ಲ.

ನಂಗೋಬಿ ಶಾಲೆಯ ಅಡಿಗೆಯವಳು. ಮಕ್ಕಳ ಜೋಳದ ಗಂಜಿ ತಿರುವುತ್ತಿದ್ದವಳು ಉದ್ದನೆಯ ಸೌಟು ಹಿಡಿದುಕೊಂಡೇ ಬಂದು ಬಾಗಿಲಿಗೂ ಕಿಟಕಿಗೂ ನಡುವೆ ನಿಂತಿದ್ದಳು.

"ಸಾರ್, ಮಗಳು ನಾಯಿ ಅಲ್ವಂತೆ," ಎಂದಳು ಬಾಗಿಲ ಕಡೆ ತಿರುಗಿ.

"ಕೇಳಿಸ್ತು ನಂಗೋಬಿ. ಅಮ್ಮಾವ್ರಿಗೆ ಹೇಳು, ಮಗೂನ ಯಾರೂ ಹಾಗಂದಿಲ್ಲ. ನಾಳೆಯಿಂದ ಕಳಿಸ್ಲಿ. ಪರೀಕ್ಷೆ ತಲೆ ಮೇಲೆ ಬಂತು."

"ಕಳಿಸ್ಬೇಕಂತೆ ಕಣೆ."

"ಎಲ್ಲಿಗೆ ಕಳಿಸ್ಲಿ? ಲಾರಿಯವ್ರ ಎದುರಿಗೆ ಲಂಗ ಎತ್ಕೊಂಡು ಕೂರೋಕಾ?"

ಇದನ್ನು ನಂಗೋಬಿ ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ.

ಆಗಿದ್ದು ಇಷ್ಟು. ಶಾಲೆಯ ಹಳೇ ಕಕ್ಕಸು ಮಳೆಗೆ ಕುಸಿದು ಗುಂಡಿಯೊಳಗೇ ಹೋಗಿತ್ತು. ಅಂದಿನಿಂದ ಹುಡುಗರು ಹುತ್ತದ ಹಿಂದೆ, ಹುಡುಗಿಯರು ಪಕ್ಕದ ಕಬ್ಬಿನ ಗದ್ದೆಯೊಳಗೆ. ಕಬ್ಬು ಆಳೆತ್ತರ ನಿಂತಿರುವ ತನಕ ಹೇಗೋ ನಡೆಯಿತು. ಆಮೇಲೆ ಕಾರ್ಖಾನೆಯವರು ಬಂದು ಕಟಾವು ಮಾಡಿ, ರಸ್ತೆಯ ತನಕ ಎಲ್ಲ ಬಯಲು ಮಾಡಿಬಿಟ್ಟರು. ನೈಗಾಗಳ ಕಿರಿಮಗಳು ಲೊಗೋಸೆ ಏಳನೇ ಕ್ಲಾಸು, ಮುಟ್ಟಾಗುವ ವಯಸ್ಸಿನವಳು. ಅವಳು ಆ ದಿನಗಳಲ್ಲೇ ಒಂದು ಮಧ್ಯಾಹ್ನ ತಡೆಯಲಾರದೆ ಕೂಳೆಗಳ ನಡುವೆ ಹೋಗಿ ಕೂತಳು. ಕಬ್ಬು ತುಂಬುವವರು ಲಾರಿಯ ಮೇಲಿಂದ ಸಿಳ್ಳೆ ಹಾಕಿದರು. ಒಬ್ಬ ಫೋನು ಎತ್ತಿ ಹಿಡಿದು, "ಈ ಕಡೆ ತಿರುಗೇ" ಎಂದ. ಹುಡುಗಿ ಬಟ್ಟೆಯೆಲ್ಲ ಕೆಡಿಸಿಕೊಂಡು ಮನೆಗೆ ಓಡಿದಳು. ಇನ್ನು ಸತ್ತರೂ ಶಾಲೆಗೆ ಹೋಗುವುದಿಲ್ಲ ಎಂದಳು. ತಂದೆಯಿಲ್ಲದ ಮನೆ ಅದು. ವಿಷಯ ತಿಳಿದ ದಿನವೇ ಚಿಕ್ಕಪ್ಪ ಬಂದು, "ಓದು ಬಿಟ್ಳಲ್ಲ, ಒಳ್ಳೇದಾಯ್ತು. ಮೋಟಾರ್ ಸೈಕಲ್ ಇರೋ ಗಂಡು ಒಂದು ನೋಡಿದ್ದೀನಿ," ಎಂದು ಚಹಾ ಕುಡಿದು ಹೋದ. ಮೀಸೆಯ ಮೇಲಿನ ಚಹಾ ಒರೆಸಿಕೊಳ್ಳುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ.

ಮೈ ಉರಿಸುವ ಸಂಗತಿ ಇದಲ್ಲ. ಶಾಲೆಯ ಅಂಗಳದ ಆಚೆ ತುದಿಯಲ್ಲಿ ಹೊಚ್ಚಹೊಸ ಕಕ್ಕಸು ಇತ್ತು. ಐದು ನೀಲಿ ಬಾಗಿಲು, ತಗಡಿನ ಮಾಡು, ಮಳೆನೀರಿನ ಟ್ಯಾಂಕು, ನಲ್ಲಿ. ಹುಡುಗಿಯರಿಗೆಂದೇ ಒಂದು ಬಚ್ಚಲುಕೋಣೆ, ಅದರೊಳಗೆ ಬಟ್ಟೆ ನೇತುಹಾಕಲು ಮೊಳೆ. ಸಮುದ್ರದಾಚೆಯ ಯಾವುದೋ ಚಳಿಯೂರಿನ ಶಾಲೆಮಕ್ಕಳು ಕೇಕು ಮಾರಿ, ಮುದುಕಿಯರು ಸ್ವೆಟರು ಹೆಣೆದು ಮಾರಿ ದುಡ್ಡು ಕೂಡಿಸಿ ಕಳಿಸಿದ್ದರು. ಹಿಂದೆ ಕೊಳವೆಬಾವಿ ಹಾಕಿಸಿಕೊಟ್ಟವರೂ ಅವರೇ. ಅದು ಬಂದ ಮೇಲೆಯೇ ಕೊಡ ಹೊತ್ತು ಕೆರೆಗೆ ಹೋಗುತ್ತಿದ್ದ ಎಷ್ಟೋ ಹುಡುಗಿಯರು ಪಾಟಿಚೀಲ ಹಿಡಿದು ಇತ್ತ ಬಂದದ್ದು. ಕೈಚಾಚಬಾರದು ಎನ್ನುವ ಸ್ವಾಭಿಮಾನಿಗಳು ನಮ್ಮಲ್ಲೂ ಇದ್ದಾರೆ, ಅವರ ಮನೆಯಲ್ಲಿ ಹೆಣ್ಣುಮಕ್ಕಳು ನೀರು ಹೊರುವುದಿಲ್ಲ. ಕೊಟ್ಟವರನ್ನು ನಾನು ಒಂದು ಮಾತು ಅನ್ನುವುದಿಲ್ಲ. ಆದರೆ ಕೊಟ್ಟದ್ದಕ್ಕೆ ಬೀಗ ಬಿದ್ದಿತ್ತು. ಬಿತ್ತನೆಯ ಕಾಲಕ್ಕೆ ಬಿದ್ದ ಬೀಗ ಕಟಾವಿನ ಕಾಲಕ್ಕೂ ಹಾಗೇ ತೂಗುತ್ತಿತ್ತು.

"ಬೀಗ ತೆಗೀಲಿ ಅಂತ ಹೇಳು ನಂಗೋಬಿ. ನನಗೆ ಬೇರೇನೂ ಬೇಡ."

"ಬೀಗ ತೆಗೀಬೇಕಂತೆ ಸಾರ್."

"ಅತಿಥಿಗಳು ಬರಲಿ ಅಂತ ಹೇಳು. ಅವರ ಕೈಯಲ್ಲೇ ರಿಬ್ಬನ್ ಕತ್ತರಿಸ್ಬೇಕು, ಅಲ್ಲೀವರೆಗೆ ಯಾರೂ ಮುಟ್ಟಕೂಡ್ದು ಅಂತ ಮೇಲಿನವ್ರ ಮಾತು. ಇನ್ನೇನು ಬಂದ್ಬಿಡ್ತಾರೆ."

"ಬರ್ತಾರಂತೆ ಕಣೆ."

"ಈಸ್ಟರಿಗೇ ಬರ್ತಾರೆ ಅಂದಿದ್ರು! ಅವರು ಬರೋವರೆಗೂ ಮಕ್ಕಳು ಹೊಟ್ಟೆ ಹಿಡ್ಕೊಂಡು ಕೂತಿರ್ಲಿ ಅಂತಾರಾ?"

ಗಮನಿಸಿ, ಇಷ್ಟು ಸಿಟ್ಟಿನಲ್ಲೂ ಅಳಿಯನಿಗೆ ಏಕವಚನ ಬಳಸಲಿಲ್ಲ ಅವಳು. ಬಾಲಿಕೋವನೂ ದನಿ ಏರಿಸಲಿಲ್ಲ. ಅವನು ಕೆಟ್ಟವನಲ್ಲ. ಅದೇ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ಊರವರು ಎಂದೋ ಹಿಡಿದು ಕೇಳುತ್ತಿದ್ದರು.

"ನಂಗೋಬಿ, ಅಮ್ಮಾವ್ರಿಗೆ ಸ್ವಲ್ಪ ತಿಳಿಸಿ ಹೇಳು. ಇದನ್ನ ನೋಡಿ ಮೆಚ್ಚಿದ್ರೆ ಮುಂದಿನ ಸಲ ತರಗತಿಗಳಿಗೆ ಮಾಡು ಹಾಕಿಸಿಕೊಡ್ತಾರೆ. ಬಂದಾಗ ಗಬ್ಬು ನಾರ್ತಿದ್ರೆ? ಗೋಡೆ ಮೇಲೆಲ್ಲ ಬಳಿದಿದ್ರೆ? ನಮ್ಮ ಮಕ್ಕಳಿಗೆ ಇಂಥದ್ದನ್ನ ಬಳಸಿ ಅಭ್ಯಾಸ ಇಲ್ಲ."

"ಅಭ್ಯಾಸ ಇಲ್ವಂತೆ."

"ಯಾವುದರ ಅಭ್ಯಾಸ? ಹೇಲೋದರದ್ದಾ? ಅದನ್ನೂ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಕಲಿಸ್ಬೇಕಾ?"

ಮೂರನೇ ಕ್ಲಾಸಿನಿಂದ ಮಕ್ಕಳು ಗೊಳ್ಳೆಂದು ನಕ್ಕರು. ಪಾಠ ಎಂದೋ ನಿಂತುಹೋಗಿತ್ತು. ನೈಗಾಗ ಗುದ್ದಲಿಯನ್ನು ಹೆಗಲಿನಿಂದ ಇಳಿಸಿ, ಅಂಗಳ ದಾಟಿ ನೀಲಿ ಬಾಗಿಲುಗಳ ಕಡೆ ನಡೆದಳು.

ಬಾಲಿಕೋವನಿಗೆ ಅರ್ಥವಾಯಿತು. ಹಿಂಬಾಗಿಲಿನಿಂದ ಹೊರಬಿದ್ದು, ಅಡಿಗೆಮನೆಯ ಹಿಂದಿನಿಂದ ಓಡಿ, ಅವಳಿಗಿಂತ ಮುಂಚೆ ಅಲ್ಲಿಗೆ ಮುಟ್ಟಿದ. ಮೊದಲನೇ ಬಾಗಿಲಿಗೆ ಮುಖ ಮಾಡಿ, ಎರಡೂ ಕೈ ಚೌಕಟ್ಟಿಗೆ ಊರಿ ನಿಂತ. ಅವಳಿಗೆ ಕಂಡದ್ದು ಅಳಿಯನ ಬೆನ್ನು, ಬೆವೆತ ಅಂಗಿ. ಬೇರೆ ಯಾರೇ ಅಡ್ಡ ನಿಂತಿದ್ದರೂ ನೈಗಾಗ ದಬ್ಬಿಕೊಂಡು ಹೋಗುತ್ತಿದ್ದಳು. ಅಳಿಯ ನಿಂತ ಕಡೆ ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ. ಒಬುಕೊ ಇರುವುದು ಹೆಣ್ಣು ಕೊಟ್ಟವಳ ಮರ್ಯಾದೆಗೆ. ಅದನ್ನೇ ಅವನು ಎರಡನೇ ಬೀಗ ಮಾಡಿಕೊಂಡ. ಓದಿದವನ ಬುದ್ಧಿ ಎಲ್ಲೆಲ್ಲಿ ಕೆಲಸ ಮಾಡುತ್ತದೆ ನೋಡಿ.

ಅವಳು ನಿಂತಲ್ಲೇ ನಿಂತು ಮುಖ ತಿರುಗಿಸಿದಳು. ನಂಗೋಬಿ ಏದುಸಿರು ಬಿಡುತ್ತ ಬಂದು ಇಬ್ಬರ ನಡುವೆ ನಿಂತಳು. ಮಕ್ಕಳೆಲ್ಲ ಹೊರಗೆ ಬಂದಾಗಿತ್ತು.

"ಸಾಕು ಬಾರೆ," ಎಂದಳು ನಂಗೋಬಿ ಮೆಲ್ಲಗೆ. "ಇನ್ನೂ ಹತ್ರ ಹೋದ್ರೆ ಕೈನಡುಕ ಹತ್ಕೊಳ್ಳುತ್ತೆ. ಕೆರೆದಂಡೆಯ ಮುದುಕಿ ಗತಿ ನೋಡಿಲ್ವಾ? ಅಳಿಯನ ಕೈಗೆ ಬಟ್ಟಲು ಕೊಟ್ಟಿದ್ದಕ್ಕೆ ಸಾಯೋವರೆಗೂ ಒಂದು ಲೋಟ ನೆಟ್ಟಗೆ ಹಿಡೀಲಿಲ್ಲ."

ನೈಗಾಗ ಗುದ್ದಲಿಯನ್ನು ನೆಲಕ್ಕೆ ಊರಿದಳು. ಆಮೇಲೆ ತಣ್ಣಗೆ, "ಒಂದು ಮಾತು ಕೇಳು ನಂಗೋಬಿ. ಅಳಿಯಂದಿರು ಇದರೊಳಗೆ ಹೋಗಿದಾರಾ?" ಎಂದಳು.

ಬಾಲಿಕೋವನಿಗೆ ಇದು ತನ್ನ ಪ್ರಾಮಾಣಿಕತೆಯ ಮೇಲಿನ ಆರೋಪ ಎನ್ನಿಸಿತು. ಬಾಗಿಲಿಗೇ ಮುಖವಿಟ್ಟು ಜೋರಾಗಿ ಹೇಳಿದ: "ದೇವರಾಣೆಗೂ ಇಲ್ಲ! ಕಟ್ಟಿ ಮುಗಿದಾಗಿಂದ ನಾನೇ ಒಂದು ದಿನಾನೂ ಕಾಲಿಟ್ಟಿಲ್ಲ. ನಾನೂ ಹುತ್ತದ ಹಿಂದಕ್ಕೇ ಹೋಗ್ತೀನಿ. ಯಾರನ್ನ ಬೇಕಾದ್ರೂ ಕೇಳ್ಲಿ!"

ನಿಜವೇ. ನಾವೆಲ್ಲ ನೋಡಿದ್ದೆವು.

"ಗುಂಡಿ ಒಂದೇನಾ, ಬಾಗಿಲಿಗೊಂದಾ? ಕೇಳು."

"ಒಂದೇ. ಐದಕ್ಕೂ ಸೇರಿ ಒಂದೇ ದೊಡ್ಡ ಗುಂಡಿ. ನಾನೇ ಮುಂದೆ ನಿಂತು ತೋಡಿಸಿದ್ದೀನಿ," ಎಂದ ಬಾಲಿಕೋವ. ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯೇ ಇತ್ತು.

ನಂಗೋಬಿಗೆ ಮೊದಲು ಹೊಳೆಯಿತು. ಅವಳ ಕೈಯ ಸೌಟು ಕೆಳಗಿಳಿಯಿತು. "ಬೇಡ ಕಣೆ," ಎಂದಳು. ಆದರೆ ದಾರಿ ಬಿಟ್ಟು ಪಕ್ಕಕ್ಕೆ ಸರಿದದ್ದೂ ಅವಳೇ.

ನೈಗಾಗ ಮುಖವನ್ನು ಈಚೆ ತಿರುಗಿಸಿದಳು. ನೇರ ನಡೆದು ಅಳಿಯನ ಬೆನ್ನ ಹಿಂದೆ ನಿಂತು, ನಡುವೆ ಯಾರನ್ನೂ ಇಟ್ಟುಕೊಳ್ಳದೆ, "ಅಳಿಯಂದಿರೇ, ದಾರಿ ಬಿಡಿ," ಎಂದಳು.

ಬಾಲಿಕೋವ ಮೈಗೆ ಬೆಂಕಿ ಬಿದ್ದವನ ಹಾಗೆ ತಿರುಗಿದ. ಹಿರಿಮಗಳ ಮದುವೆಯಾದಂದಿನಿಂದ ಒಂದೇ ಊರಿನಲ್ಲಿದ್ದ ಅತ್ತೆ ಅಳಿಯ ಇಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು. ಅವನ ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು, ಕಣ್ಣ ಕೆಳಗೆ ಊದಿತ್ತು. ಮಗಳ ಗಂಡ ಇಷ್ಟು ದಣಿದಿದ್ದಾನೆ ಎಂದು ನೈಗಾಗಳಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೂ ಅವಳ ಸಿಟ್ಟು ಒಂದು ಕೂದಲಿನಷ್ಟೂ ಇಳಿಯಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಪಕ್ಕಕ್ಕೆ ಹಾರಿ, ಮಾವಿನ ಮರದ ಹಿಂದಕ್ಕೆ ಓಡಿದ.

ಗುದ್ದಲಿಯ ಹಿಂಬದಿಯಿಂದ ಅವಳು ಕೊಟ್ಟ ಏಟಿಗೆ ಬೀಗದ ಕೊಂಡಿ ಬಾಗಿಲಿನ ಮರದ ಚೂರಿನ ಸಮೇತ ಕಿತ್ತು ಬಂತು. ಅವಳು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಇಡೀ ಶಾಲೆ, ಮೇಷ್ಟ್ರು ಮೇಡಮ್ಮುಗಳ ಸಮೇತ, ಕಿವಿಗೊಟ್ಟು ನಿಂತಿತ್ತು. ಯಾರೂ ನಗಲಿಲ್ಲ. ಅವಳು ಅವಸರವನ್ನೂ ಮಾಡಲಿಲ್ಲ.

ಹೊರಗೆ ಬಂದು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡಳು. ಈಗ ಮತ್ತೆ ಮರದ ಕಡೆಗೆ ಬೆನ್ನು.

"ನಂಗೋಬಿ, ಅಳಿಯಂದಿರಿಗೆ ಹೇಳು. ಇದು ಅತ್ತೆ ಹೋದ ಕಕ್ಕಸು. ಗುಂಡಿ ಒಂದೇ."

ನಂಗೋಬಿ ಹೇಳಬೇಕಾಗಿರಲಿಲ್ಲ, ಆದರೆ ಇದೊಂದನ್ನು ಅವಳು ಅಕ್ಷರ ಬಿಡದೆ, ಗಂಟಲು ಎತ್ತಿ ಹೇಳಿದಳು. ಇನ್ನು ಬಾಲಿಕೋವ ಈ ಐದೂ ಬಾಗಿಲುಗಳ ಹತ್ತಿರ ಬರುವಂತಿಲ್ಲ, ಅವಕ್ಕೆ ಬೀಗ ಜಡಿಯುವಂತಿಲ್ಲ. ಅತ್ತೆಯ ಕಕ್ಕಸಿನ ಕೀಲಿ ಜೇಬಲ್ಲಿಟ್ಟುಕೊಂಡು ತಿರುಗುವುದೆಂದರೆ ಅವಳ ಸೆರಗು ಜೇಬಲ್ಲಿಟ್ಟುಕೊಂಡ ಹಾಗೆ. ಮರದ ಹಿಂದಿನಿಂದ ಕೀಲಿಗೊಂಚಲು ಹಾರಿ ಬಂದು ಹುಲ್ಲಿನಲ್ಲಿ ಬಿತ್ತು.

"ಅತಿಥಿಗಳಿಗೆ ನಾನೇನು ಹೇಳ್ಲಿ? ಕೇಳು ನಂಗೋಬಿ, ಏನು ಹೇಳ್ಲಿ?" ಅವನ ದನಿ ಒಡೆದಿತ್ತು. "ನನ್ನ ಕೆಲಸ ಹೋಗುತ್ತೆ."

"ಬಂದೋರು ಒಳಗೆ ನಮ್ಮ ಹೆಣ್ಮಕ್ಕಳಿರೋದನ್ನ ನೋಡ್ಕೊಂಡು ಹೋಗ್ಲಿ. ಅದಕ್ಕೇ ತಾನೆ ಅವರು ದುಡ್ಡು ಕೊಟ್ಟಿದ್ದು? ಬಾಗಿಲಿಗೆ ಬಳಿದ ನೀಲಿ ಬಣ್ಣ ನೋಡೋಕಾ?"

ಅಷ್ಟರಲ್ಲಿ ನಂಗೋಬಿ ಉಳಿದ ನಾಲ್ಕು ಬೀಗವನ್ನೂ ತೆಗೆದಿದ್ದಳು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಓಡಿ ಒಳಗೆ ಹೊಕ್ಕಳು. ಅವಳ ಹಿಂದೆ ಉಳಿದವರು.

ಸಂಜೆ ಹಿರಿಯರು ನೈಗಾಗಳ ಮನೆಗೆ ಬಂದರು. ಅಳಿಯನ ಮುಖ ನೋಡಿ ಮಾತಾಡಿದ್ದು ಸಣ್ಣ ತಪ್ಪಲ್ಲ, ಮೇಕೆ ಕೊಟ್ಟು ದೋಷ ಕಳೆದುಕೋ ಎಂದರು. ಮೇಕೆ ಇಲ್ಲ ಎಂದಳು. ಹಾಗಾದರೆ ಬಂದದ್ದನ್ನು ಅನುಭವಿಸು ಎಂದರು. ಹಿರಿಮಗಳು ಬೇಲಿಯಾಚೆಯೇ ನಿಂತು, "ನನ್ನ ಗಂಡನ್ನ ಬೀದಿಗೆ ತಂದೆಯಲ್ಲಮ್ಮ," ಎಂದು ಅತ್ತು, ಒಳಗೆ ಬಾರದೆ ಹೊರಟುಹೋದಳು.

ಬೆಳಿಗ್ಗೆ ಲೊಗೋಸೆ ತಾನಾಗಿಯೇ ಎದ್ದು ಸ್ನಾನ ಮಾಡಿ, ಶಾಲೆಯ ಅಂಗಿ ಹಾಕಿಕೊಂಡು ಬೆನ್ನು ತಿರುಗಿಸಿ ನಿಂತಳು. ಅಂಗಿಯ ಗುಂಡಿಗಳು ಬೆನ್ನಿನ ಕಡೆ ಇದ್ದವು. ನೈಗಾಗ ಒಂದು ಹಾಕಿದಳು. ಎರಡನೆಯದು ತೂತಿಗೆ ಸಿಗಲಿಲ್ಲ. ಹಿಡಿದಳು, ಜಾರಿತು, ಮತ್ತೆ ಹಿಡಿದಳು.

"ಅಮ್ಮಾ," ಎಂದಳು ಲೊಗೋಸೆ. "ನಿನ್ನ ಕೈ."

"ಸಿಟ್ಟು ಕಣೇ. ಇನ್ನೂ ಇಳಿದಿಲ್ಲ. ಸುಮ್ನೆ ನಿಂತ್ಕೋ."

ಲೊಗೋಸೆ ಕೈಯನ್ನು ಹಿಂದಕ್ಕೆ ತಂದು ಅಮ್ಮನ ಬೆರಳುಗಳನ್ನು ಪಕ್ಕಕ್ಕೆ ಸರಿಸಿ, ಉಳಿದ ಗುಂಡಿಗಳನ್ನು ತಾನೇ ಹಾಕಿಕೊಂಡಳು. ಚೀಲ ಎತ್ತಿಕೊಂಡು, ಬೋಳುಗದ್ದೆಯ ಪಕ್ಕದ ದಾರಿ ಹಿಡಿದು ನಡೆದಳು. ನೈಗಾಗ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವಿತಿಟ್ಟುಕೊಂಡು, ಮಗಳು ಮರೆಯಾಗುವ ತನಕ ಬಾಗಿಲಲ್ಲಿ ನಿಂತಿದ್ದಳು.